ಕಣದ ತಂತಿಯಲ್ಲಿ ನಿಮ್ಮ ದನಿ

ಮಾವ,

ನಿಮ್ಮ ಸೊಸೆ ಸುಧಾ ಬರೆಯುತ್ತಿದ್ದೇನೆ. ನೀವಿದ್ದಾಗ ಹೇಳಲಾರದೆ ನುಂಗಿಕೊಂಡ ಒಂದು ಸುಳ್ಳಿದೆ.

ಯಸಳೂರಿನ ಟೆಲಿಫೋನ್ ಕೆಲಸದಿಂದ ನಿವೃತ್ತರಾಗಿ ಬಂದ ವರ್ಷ ನೆನಪಿದೆಯಾ? ಕಿವಿ ಮಂದವಾಗಿತ್ತು, ಹುರುಪು ಮಾತ್ರ ಇಮ್ಮಡಿ. ಟೇಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಡೆನ್ಮಾರ್ಕಿನವನೊಬ್ಬ ಉಕ್ಕಿನ ತಂತಿಯಲ್ಲಿ ಮಾತು ಹಿಡಿದಿಟ್ಟ ಕತೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಿರಿ. "ಆಮೇಲೆ ಅದೇ ಆಸಾಮಿ ಕರೆಂಟಿನ ಉರಿಯಿಂದ ಮಾತನ್ನ ಗಾಳೀಲೂ ಕಳಿಸ್ದ ಕಣವ್ವ. ರೇಡಿಯೋಗೂ ಅವ್ನು ಬೇಕಾಯ್ತು, ರೆಕಾರ್ಡಿಗೂ ಬೇಕಾಯ್ತು. ಹೆಸ್ರು ಮಾತ್ರ ಯಾರ್ಗೂ ಗೊತ್ತಿಲ್ಲ."

ಕೊನೆಗೆ ಕಾಫಿ ಒಣಗಿಸುವ ಕಣದ ಎರಡು ಕಂಬಗಳಿಗೆ ನೀವೂ ತಂತಿ ಬಿಗಿದಿರಿ. ಮಾರನೆಯ ದಿನವೇ ಅತ್ತೆ ಅದರ ಮೇಲೆ ಟವೆಲ್ ಹರವಿದ್ದರು. "ತಂತಿ ಕಟ್ಟುದ್ಮೇಲೆ ಬಟ್ಟೆ ಹಾಕ್ದೆ ಪೂಜೆ ಮಾಡಾಕಾಯ್ತದಾ?" ಎಂದು ನಿಮ್ಮನ್ನೇ ಬೈದರು.

ಅಯಸ್ಕಾಂತದ ಸುರುಳಿಯನ್ನು ತಂತಿಗೆ ತಾಗಿಸಿ, ಹಳೆಯ ಫೋನಿನಲ್ಲಿ ಮಾತಾಡುತ್ತ ಆ ಕಂಬದಿಂದ ಈ ಕಂಬಕ್ಕೆ ಓಡಿದಿರಿ, ಆಗಲೇ ಶುರುವಾಗಿದ್ದ ಎದೆನೋವಿನಲ್ಲೂ! ಆಮೇಲೆ ಫೋನಿನ ಕೇಳುವ ತುಂಡನ್ನು ನನ್ನ ಕಿವಿಗೆ ಒತ್ತಿ, ಸುರುಳಿಯನ್ನು ಮತ್ತೆ ತಂತಿಯುದ್ದಕ್ಕೂ ಎಳೆಯುತ್ತ ಪಕ್ಕದಲ್ಲೇ ನನ್ನನ್ನೂ ಓಡಿಸಿದಿರಿ. ಸೊರ್ರೆನ್ನುವುದು ಬಿಟ್ಟು ಬೇರೇನೂ ಇರಲಿಲ್ಲ. ನಿಮ್ಮ ಮುಖ ನೋಡಿದೆ. "ಕೇಳಿಸ್ತು ಮಾವ" ಎಂದುಬಿಟ್ಟೆ. ನೀವು ಕಣದಲ್ಲೇ ಕೂತು ಕಣ್ಣೊರೆಸಿಕೊಂಡಿರಿ.

ದನಿ ಹೆಚ್ಚಿಸಲು ಆಂಪ್ಲಿಫೈಯರ್ ತರುತ್ತೇನೆಂದು ಸಕಲೇಶಪುರಕ್ಕೆ ಹೊರಡಬೇಕಿದ್ದವರು ಹೊರಡಲೇ ಇಲ್ಲ. "ಕೇಳುಸ್ತಲ್ಲ, ಇನ್ಯಾಕೆ?" ಎಂದು ತಂತಿ ಬಿಚ್ಚಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಿರಿ. ನಿಮ್ಮ ಸಂತೋಷಕ್ಕೆಂದು ಆಡಿದ ಮಾತು ನಿಮ್ಮ ಕೆಲಸವನ್ನೇ ಅರ್ಧಕ್ಕೆ ನಿಲ್ಲಿಸಿತು. ಆಗಲೇ ನಿಜ ಹೇಳಿದ್ದರೆ... ಬೈಯುತ್ತಿದ್ದಿರಾ? ಬೈಸಿಕೊಂಡಿದ್ದರೆ ಈ ಸಂಕಟವಾದರೂ ತಪ್ಪುತ್ತಿತ್ತು.

ನಿಮ್ಮ ವರ್ಷದ ತಿಥಿ ಮುಗಿದ ಮೇಲೆ ನಾನೇ ಸಕಲೇಶಪುರಕ್ಕೆ ಹೋಗಿ ಆಂಪ್ಲಿಫೈಯರ್ ತಂದೆ. ಅದೇ ಕಂಬಗಳಿಗೆ ತಂತಿ ಬಿಗಿದು, ಸುರುಳಿ ಹಿಡಿದು ಓಡಿದೆ. ಮೊದಲು ಏದುಸಿರು, ನನ್ನದಲ್ಲ. ಆಮೇಲೆ, ಎಲ್ಲೋ ದೂರದಿಂದ, "ಮಗಾ... ಕೇಳುಸ್ತಾ?"

ನಾನು ಕೇಳದೆ ಹೋದ ದನಿ ಇಷ್ಟು ದಿನ ಡಬ್ಬಿಯೊಳಗೇ ಇತ್ತು ಮಾವ!

ಅಳುತ್ತಲೇ ಅತ್ತೆಯನ್ನು ಕರೆತಂದು ಕೇಳುವ ತುಂಡನ್ನು ಅವರ ಕಿವಿಗಿಟ್ಟೆ. ಅವರು ಥಟ್ಟನೆ ತಲೆಯ ಮೇಲೆ ಸೆರಗೆಳೆದುಕೊಂಡರು. ಆ ಏದುಸಿರು ಕೇಳಿ, "ಮೆಲ್ಲುಕ್ಕೆ ಓಡಿ ಅನ್ನವ್ವ ಅವ್ರಿಗೆ" ಎಂದರು.

ಈಗ ಅತ್ತೆ ಟವೆಲ್ಲುಗಳನ್ನು ಬೇಲಿಯ ಮೇಲೆ ಹರವುತ್ತಾರೆ. ತಂತಿಗೆ ಎಣ್ಣೆ ಸವರುವ ಕೆಲಸ ಇನ್ನು ನನ್ನದು.

ಕೇಳಿಸ್ತು ಮಾವ. ಈ ಸಲ ನಿಜವಾಗಿಯೂ ಕೇಳಿಸ್ತು.