ಎಡ ಮಗ್ಗುಲು, ಬಲ ಮಗ್ಗುಲು

ನವೆಂಬರ್ ೧೪, ಶುಕ್ರವಾರ

ಮಗಳಿಗೆ ಸುಳ್ಳು ಹೇಳಿಬಿಟ್ಟೆ.

ಕಾಡಿನ ಕ್ಯಾಮೆರಾಗಳಿಂದ ನಮ್ಮ ಅರಣ್ಯ ಕಚೇರಿಗೆ ಬರುವ ಫೋಟೊಗಳಲ್ಲಿ ಈಗ ಬರೀ ನಾಯಿ, ದನ, ಸೌದೆ ಹೊತ್ತವರ ಕಾಲು. ಮರ ಕಡಿದು ಕಡಿದು ಕಾಡು ತೆಳ್ಳಗಾದ ಮೇಲೆ ಮೊದಲು ಜಿಂಕೆ ಬರುವುದು ನಿಂತಿತು, ಆಮೇಲೆ ಮುಳ್ಳುಹಂದಿ. ಪುನುಗು ಬೆಕ್ಕು ಯಾವಾಗ ಮರೆಯಾಯಿತೋ ನನ್ನ ಗಮನಕ್ಕೇ ಬರಲಿಲ್ಲ. ಉಳಿದಿದ್ದ ಸಮಾಧಾನ ಆ ಎರಡು ಚಿರತೆಗಳು. ಹಳ್ಳದ ಕ್ಯಾಮೆರಾದಲ್ಲಿ ಒಂದು, ಗುಡ್ಡದ ಕ್ಯಾಮೆರಾದಲ್ಲಿ ಇನ್ನೊಂದು. ಚುಕ್ಕೆಗಳು ಬೇರೆ ಬೇರೆ. ಮಗಳಂತೂ ಅವಕ್ಕೆ ಮದುವೆಯನ್ನೇ ಮಾಡಿಬಿಟ್ಟಿದ್ದಳು. "ಮರಿ ಹಾಕಿದ್ವಾ ಅಮ್ಮಾ?" ಅಂತ ದಿನಾ ಪ್ರಾಣ ತಿನ್ನುತ್ತಿದ್ದಳು.

ಇವತ್ತಿನ ಫೋಟೊಗಳಲ್ಲಿ ಚಿರತೆ ಕ್ಯಾಮೆರಾ ಮುಂದೆಯೇ ಹಿಂದಕ್ಕೆ ತಿರುಗಿದೆ. ಎಡ ಮಗ್ಗುಲಲ್ಲಿ ಹಳ್ಳದ ಚಿರತೆಯ ಚುಕ್ಕೆ, ಬಲ ಮಗ್ಗುಲಲ್ಲಿ ಗುಡ್ಡದ್ದರ ಚುಕ್ಕೆ. ಎರಡಲ್ಲ, ಒಂದೇ. ಇಷ್ಟು ದಿನ ಹಳ್ಳದ ಕ್ಯಾಮೆರಾಕ್ಕೆ ಅದರ ಎಡ ಮಗ್ಗುಲು ಮಾತ್ರ, ಗುಡ್ಡದ್ದಕ್ಕೆ ಬಲ ಮಗ್ಗುಲು ಮಾತ್ರ ಸಿಕ್ಕಿತ್ತು. ಚಿರತೆಯ ಎರಡು ಮಗ್ಗುಲಿನ ಚುಕ್ಕೆ ಒಂದೇ ಥರ ಇರಲ್ಲ ಅಂತ ಹೊಸಬರಿಗೆ ಪಾಠ ಹೇಳುವವಳು ನಾನೇ. ಆಸೆ ನನ್ನ ಕಣ್ಣಿಗೇ ಮಣ್ಣೆರಚಿತು.

ಕಚೇರಿಯಲ್ಲಿ ಸಾಹೇಬರು "ಬಿಡಿ ಮೇಡಂ, ಒಂದಾದ್ರೂ ಇದೆಯಲ್ಲ" ಅಂದರು. ಮೈಯೆಲ್ಲ ಉರಿಯಿತು. ಒಂದೇ ಇದ್ದರೆ ಅದು ಇದ್ದ ಹಾಗೇನಾ?

ಊಟಕ್ಕೆ ಕೂತಾಗ ಮಗಳು, "ಇವತ್ತು ಎರಡೂ ಕಂಡ್ವಾ?" ಅಂದಳು.

"ಹೂಂ. ಒಂದೇ ಕಡೆ ಇದ್ವು."

ಖುಷಿಯಲ್ಲಿ ತಟ್ಟೆ ಬಿಟ್ಟು ಎದ್ದು ಕುಣಿದಳು. ಈಗ ನಿದ್ದೆ ಹೋಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ.

ಆ ಚಿರತೆ ನಡೆಯುತ್ತಿದ್ದದ್ದು ಯಾಕೆ ಹಿಂದಕ್ಕೆ ತಿರುಗಿತು? ಹಿಂದೆ ಇನ್ನೊಂದು ಬರುತ್ತಿದೆ ಅಂತ ಅದಕ್ಕೂ ಅನಿಸಿತ್ತೇನೋ.