ಭುವನಾಳ ಲೇಸರೂ ನನ್ನ ಹಲ್ಲೂ

ಅಕ್ಕಾ,

ಎರಡು ಕಡೆ ಬೇಡ ಅನ್ನಿಸಿಕೊಂಡಿದ್ದ ನಮ್ಮ ಭುವನಾಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಸೀಟು ಸಿಕ್ಕಿತು. ಈಗ ಉಸಿರು ಬಂತು ನೋಡು.

ಲೇಸರ್ ಕೋಣೆಯಲ್ಲಿ ಎಲ್ಲರಿಗೂ ಹಸಿರು ಕನ್ನಡಕ ಹಾಕಿಸ್ತಾರೆ, ಆ ಬೆಳಕೋ ಕಣ್ಣಿಗೇ ಕಾಣಲ್ಲ! ಅದರಲ್ಲಿ ಕಾಫಿ ಬೀಜದ ತೇವ ಅಳೆಯುತ್ತೇನೆ ಅಂದಳಂತೆ ಇವಳು ಇಂಟರ್‌ವ್ಯೂನಲ್ಲಿ. "ಈಗ ಹೇಗೆ ನೋಡ್ತೀರಿ?" ಅಂತ ಪ್ರೊಫೆಸರಮ್ಮ ಕೇಳಿದರೆ, "ನಮ್ಮಪ್ಪ ಕಚ್ಚಿ ಹೇಳ್ತಾರೆ" ಅಂದುಬಿಟ್ಟಳು. ಹೊರಗೆ ಕೂತಿದ್ದ ನನ್ನನ್ನೇ ಕರೆಸಿದರು. ಅವಳು ತಂದಿದ್ದ ಬೀಜ ಕಚ್ಚಿ, "ನೂರಕ್ಕೆ ಹನ್ನೊಂದು" ಅಂದೆ. ಅವರ ಮೀಟರೂ ಹನ್ನೊಂದೇ ತೋರಿಸಿತು.

"ನಾಲ್ಕು ವರ್ಷ ನಿಮ್ಮ ಹಲ್ಲು ನಮಗೂ ಬೇಕು, ಯಜಮಾನ್ರೇ" ಅಂದರು ಪ್ರೊಫೆಸರಮ್ಮ.

ನೀನು ಕೀಳಿಸು ಅಂತಿದ್ದ ದವಡೆಹಲ್ಲು ಇನ್ನೂ ನೋಯುತ್ತಿದೆ. ಆದರೂ ಹಲ್ಲಿನ ಡಾಕ್ಟರಿಗೆ ಹೇಳಿಬಿಡು, ಅದೀಗ ಸಂಶೋಧನೆಗೆ ಸೇರಿದೆ, ಮುಟ್ಟುವ ಹಾಗಿಲ್ಲ.

ಪೆನ್ನು ಪೋಸ್ಟಾಫೀಸಿನದು, ಕೇಳ್ತಿದ್ದಾರೆ.

ನಿನ್ನ ತಮ್ಮ
ಹಾಲೇಶ