ದ್ಯಾಮವ್ವ ಸೋತ ಸುದ್ದಿ

ಆಚೆಮಗ್ಗುಲು, ಚಂದ್ರ
ಕ್ರಿ.ಶ. 2371, ನಾಲ್ಕನೆಯ ಹಗಲು

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಒಂದು ಹಗಲೆಂದರೆ ನಿಮ್ಮ ಎರಡು ವಾರ. ಗಾಳಿಯಿಲ್ಲದ ಕಾರಣ ಇಲ್ಲಿ ಹಗಲೂ ಆಕಾಶ ಕಪ್ಪು, ನಕ್ಷತ್ರ ನೋಡಲು ಅಡ್ಡಿಯಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ಹೊಸವು. ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ.

ನಿಮ್ಮ ಕಾಲದಲ್ಲಿ ದೂರದ ಒಂದು ಗ್ಯಾಲಕ್ಸಿಯ ನಡುಭಾಗ ಭುಗಿಲೆದ್ದಿತು. ಅಲ್ಲಿನ ದೈತ್ಯ ಕಪ್ಪುಕುಳಿಗೆ ಬೀಳುವ ಅನಿಲ ಕಾದು ಉರಿದಿತ್ತು. ನಿಮ್ಮಲ್ಲಿ ಯಾರೋ ಅದನ್ನು ಅಳೆದಿಟ್ಟರು. ಆ ಬೆಳಕು ಹೊರವಲಯದ ಅನಿಲವನ್ನು ಮುಟ್ಟುತ್ತದೆ, ಅದೂ ಹೊಳೆಯುತ್ತದೆ. ಈ ಎರಡನೆಯ ಹೊಳಪು ‘ಮರುಬೆಳಕು’. ಭುಗಿಲು ಕಂಡ ಮೇಲೆ ಅದು ಕಾಣಲು ಮುನ್ನೂರು ವರ್ಷವಾದರೂ ಬೇಕಿತ್ತು. ಅದನ್ನು ಕಾಯಲೆಂದೇ ನಮ್ಮ ಊರು ಹುಟ್ಟಿತು.

ಊರಲ್ಲಿ ಎರಡು ಪಕ್ಷ. ಹೊರವಲಯದ ಅನಿಲ ಕುಳಿಯತ್ತ ಬೀಳುತ್ತಿದೆ ಎನ್ನುವವರು ಒಳಹರಿವಿನವರು. ಕುಳಿಯ ಬಳಿಯ ಬಿರುಗಾಳಿ ಅದನ್ನು ಹೊರಕ್ಕೆ ತಳ್ಳುತ್ತಿದೆ ಎನ್ನುವವರು ಹೊರಹರಿವಿನವರು. ಮೊದಲು ಹೊಳೆಯುವುದು ನಮಗೆ ಹತ್ತಿರದ ಅಂಚು. ಅದು ಒಳಕ್ಕೆ ಬೀಳುತ್ತಿದ್ದರೆ ನಮ್ಮಿಂದ ದೂರ ಸರಿಯುತ್ತದೆ, ಬೆಳಕು ಕೆಂಪಿನತ್ತ ವಾಲುತ್ತದೆ. ಹೊರಕ್ಕೆ ಹಾರುತ್ತಿದ್ದರೆ ನಮ್ಮತ್ತ ಬರುತ್ತದೆ, ನೀಲಿಯತ್ತ ವಾಲುತ್ತದೆ. ಮದುವೆಯಾದರೂ ಪಕ್ಷ ಬದಲಿಸುವಂತಿಲ್ಲ. ಸೋತವರು ಊರಿಗೆಲ್ಲ ಹೋಳಿಗೆ ಊಟ ಹಾಕಬೇಕು. ಗಾಜಿನ ತೋಟದಲ್ಲಿ ಆ ಊಟಕ್ಕೆಂದೇ ಒಂದು ಸಾಲು ಬಾಳೆ ಮೀಸಲಿದೆ.

ನನ್ನ ಅಜ್ಜಿ ದ್ಯಾಮವ್ವ ಹೊರಹರಿವಿನವರ ಹಿರಿಯಳು, ತೊಂಬತ್ತು ದಾಟಿದವಳು. ಒಳಹರಿವಿನವರಿಗೆ ಅವಳ ಬೀಗ ಫಕ್ಕೀರಪ್ಪನವರೇ ಹಿರಿಯರು. ಎಣಿಸಿದ್ದ ಕಾಲ ಮೀರಿದರೂ ಮರುಬೆಳಕು ಬರಲಿಲ್ಲ. ದೂರದರ್ಶಕವನ್ನು ಬೇರೆಡೆ ತಿರುಗಿಸೋಣವೆಂದಿತು ಊರಸಭೆ. ಹಾಗಾದರೆ ಉತ್ತರ ತಿಳಿಯದೆಯೇ ಅಜ್ಜಿ ಕಣ್ಣು ಮುಚ್ಚಬೇಕಿತ್ತು. “ಇನ್ನೊಂದು ಹಗಲ ಕೊಡ್ರಿ” ಎಂದು ಕೇಳಿಕೊಂಡಳು. ಅದಕ್ಕೆ ಒಪ್ಪಿ ಮೊದಲು ಕೈ ಎತ್ತಿದವರು ಫಕ್ಕೀರಪ್ಪನವರು.

ಆ ಹಗಲು ಮುಗಿಯುವ ಮುನ್ನ ಮರುಬೆಳಕು ಬಂತು. ಕೆಂಪು! ಅನಿಲ ಒಳಕ್ಕೇ ಬೀಳುತ್ತಿದೆ.

“ಬೀಗತ್ಯಾರ, ಹೂರಣ ರುಬ್ಬಾಕ ರಟ್ಟ್ಯಾಗ ಕಸುವು ಐತೇನ್ರಿ?” ಎಂದು ಫಕ್ಕೀರಪ್ಪನವರು ಕೆಣಕಿದರು.

“ಐತ್ರಿ ಬೀಗರ. ಸೋತಿದ್ದು ಜೀವ ಇದ್ದಾಗನ ಗೊತ್ತಾತಲ್ಲ, ಅದಕ್ಕ ನಿಮಗ ಎರಡು ಹೋಳಿಗಿ ಹೆಚ್ಚಿಗಿ ಬಡಸ್ತೀನಿ!” ಎಂದು ಅಜ್ಜಿ ನಕ್ಕಳು.

ಸಾಲದ ಬೇಳೆ ತರಲು ಫಕ್ಕೀರಪ್ಪನವರ ಮನೆಗೆ ಹೋದಾಗ ಒಂದು ಗುಟ್ಟು ಹೊರಬಿತ್ತು. ಗೆದ್ದವರ ಮನೆಯಲ್ಲೂ ಬೇಳೆ ನೆನೆಸಿಟ್ಟಿದ್ದರು. ಬಾಯಲ್ಲಿ ಏನೇ ಅಂದರೂ ಅವರಿಗೂ ಒಳಗೊಳಗೇ ಸೋಲಿನ ಅಳುಕಿತ್ತು. ಎರಡೂ ಮನೆಯ ಬೇಳೆ ಒಂದೇ ಹಂಡೆಯಲ್ಲಿ ಬೆಂದಿತು.

ಊಟದ ಸಾಲಿನಲ್ಲಿ ಮೊದಲ ಎಲೆಯ ಮುಂದೆ ಯಾರೂ ಕೂರಲಿಲ್ಲ. ಅದು ಭುಗಿಲನ್ನು ಅಳೆದವರದು. ಅಳತೆ ನಮ್ಮವರೆಗೆ ಬಂದಿದೆ, ಹೆಸರು ಬಂದಿಲ್ಲ. ಅಜ್ಜಿ ಆ ಎಲೆಗೂ ಹೋಳಿಗೆ ಹಾಕಿ ತುಪ್ಪ ಬಡಿಸಿದಳು.

ಒಂದೇ ಕೋರಿಕೆ. ಇನ್ನೊಂದು ಭುಗಿಲು ಕಂಡರೆ, ಉತ್ತರ ನಿಮ್ಮ ಕಾಲಕ್ಕೆ ಬಾರದೆಂದು ಬಿಡಬೇಡಿ. ಅಳೆಯಿರಿ, ಜೊತೆಗೆ ಹೆಸರನ್ನೂ ಬರೆಯಿರಿ. ಎಲೆ ಹಾಕಿದ ಮೇಲೆ ಹೆಸರು ಹಿಡಿದು ಊಟಕ್ಕೆ ಕರೆಯಬೇಕಲ್ಲವೇ?

ನಿಮ್ಮ ಮುಂದಿನವಳು,
ಬಸಲಿಂಗವ್ವ